ನಾನು ಒರೆಸಿದ ಗುರುತು

ಗಿಟಾರಿನ ತಂತಿಯ ಮೇಲೆ ಕೆಂಪು ಕಂಡಾಗ ನಾನು ಅದನ್ನು ಮೆಣಸಿನಕಾಯಿ ಅಂದುಕೊಂಡೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಅಂಗಡಿಯವರನ್ನು ಕಟ್ಟಿಕೊಂಡವಳಿಗೆ ಕೆಂಪು ಹೊಸದಲ್ಲ. ಅಂಗಿಯ ಕಾಲರು, ತಲೆದಿಂಬು, ಮೊಬೈಲಿನ ಗಾಜು ಎಲ್ಲಕ್ಕೂ ಅದೇ ಬಣ್ಣ. ಸೆರಗಿನ ತುದಿಯಿಂದ ಒರೆಸಿದೆ. ಪುಡಿಯಾಗಿದ್ದರೆ ಉದುರಬೇಕಿತ್ತು, ಇದು ಸೆರಗಿಗೆ ಅಂಟಿತು. ಅಡುಗೆಮನೆಯಲ್ಲಿ ಊಟಕ್ಕೆ ಕುಳಿತಿದ್ದ ನನ್ನ ಗಂಡನ ಎಡಗೈ ಹಿಡಿದು ತಿರುಗಿಸಿ ನೋಡಿದೆ. ನಡುಬೆರಳಿನ ತುದಿ ಸೀಳಿತ್ತು. ಅವರು ಬಲಗೈಯಿಂದ ರೊಟ್ಟಿ ಮುರಿಯುತ್ತಲೇ ಇದ್ದರು.

"ಇದೇನ್ರಿ?" ಅಂದೆ.

"ಯಾವುದು?" ಅಂದರು. ಅವರಿಗೆ ಗೊತ್ತೇ ಇರಲಿಲ್ಲ.

ಅವರಿಗೆ ಸಕ್ಕರೆ ಕಾಯಿಲೆ ಬಂದು ಬಹಳ ವರ್ಷಗಳಾಗಿದ್ದವು. ಅದರ ಹಿಂದಿನ ವರ್ಷ ಚಪ್ಪಲಿಯೊಳಗೆ ಸೇರಿದ್ದ ಒಂದು ಹರಳು ಕಲ್ಲಿನ ಮೇಲೆ ದಿನವಿಡೀ ನಡೆದಾಡಿ, ಅದು ಗಾಯವಾಗಿ, ಕೀವಾಗಿ, ಕೊನೆಗೆ ಕಾಲಿನ ಕಿರುಬೆರಳು ತೆಗೆಸಬೇಕಾಯಿತು. ಜೋಮು ಕಾಲಿಗಷ್ಟೇ ಅಂದುಕೊಂಡಿದ್ದೆವು. ಕೈಗೂ ಬಂದಿದೆಯೆಂದು ಆ ದಿನ ತಿಳಿಯಿತು. ಆಗ ನೆನಪಾಯಿತು. ಮೊದಲೆಲ್ಲ ಅವರು ಮೆಣಸಿನಕಾಯಿಯನ್ನು ಬೆರಳಲ್ಲಿ ಒತ್ತಿ, ಎಷ್ಟು ಒಣಗಿದೆ ಎಷ್ಟು ಹಸಿ ಇದೆ ಎಂದು ಹೇಳುತ್ತಿದ್ದರು. ಈಚೆಗೆ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ಬೀಜದ ಸಪ್ಪಳ ಕೇಳುತ್ತಿದ್ದರು. ಇದೇನೋ ಹೊಸ ಶೋಕಿ ಎಂದು ನಾನು ನಕ್ಕಿದ್ದೆ.

ಆ ಗಿಟಾರಿನ ಬಗ್ಗೆ ಹೇಳಬೇಕು. ಅವರು ಹುಬ್ಬಳ್ಳಿಯಲ್ಲಿ ಓದುವಾಗ ರೈಲ್ವೆಯ ಮುದುಕರೊಬ್ಬರು ಅವರಿಗೆ ಜಾಝ್ ಕಲಿಸಿದ್ದರಂತೆ. ನಿವೃತ್ತಿಯಾಗಿ ಗೋವೆಗೆ ಹೊರಟಾಗ ತಮ್ಮ ಗಿಟಾರನ್ನು ಇವರ ಕೈಗಿಟ್ಟು ಹೋದರು. ಪೇಟೆಯಲ್ಲಿ ಹುಡುಗರು ಹೆಗಲಿಗೇರಿಸಿಕೊಂಡು ಹೋಗುವ ಗಿಟಾರಿನಂತಲ್ಲ ಅದು. ಆರ್ಚ್‌ಟಾಪ್ ಎನ್ನುತ್ತಾರೆ. ಪಿಟೀಲಿನ ಹಾಗೆ ಮೈ ಉಬ್ಬಿದೆ, ಎರಡು ಪಕ್ಕ ಎರಡು ಬಳುಕಿದ ಸೀಳುಗಳಿವೆ. ಮದುವೆಯಾದ ಹೊಸತರಲ್ಲಿ ಅದರ ಹಾಡು ಮುಗಿಯಿತೋ ಇನ್ನೂ ಇದೆಯೋ ನನಗೆ ತಿಳಿಯುತ್ತಿರಲಿಲ್ಲ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ ಅಂತ ಅವರೇ ರೇಗಿಸುತ್ತಿದ್ದರು. ಆದರೆ ಮೂವತ್ತು ವರ್ಷ ಸಂಜೆಯ ಒಗ್ಗರಣೆ ಹಾಕಿದ್ದು ಆ ಸಪ್ಪಳದಲ್ಲೇ. ಕೋಣಕ್ಕೂ ಅಭ್ಯಾಸವಾಗುತ್ತದೆ.

ಹಾವೇರಿಯ ಡಾಕ್ಟರು ಬೆರಳುಗಳನ್ನು ಸೂಜಿಯಿಂದ ಮೆಲ್ಲಗೆ ಚುಚ್ಚಿ ನೋಡಿದರು. ನಮ್ಮವರು ಕಣ್ಣು ಮುಚ್ಚಿಕೊಂಡು, "ಚುಚ್ಚಿದ್ರೇನ್ರಿ?" ಎಂದು ಕೇಳಿದರು. ಡಾಕ್ಟರು ನನ್ನ ಕಡೆ ತಿರುಗಿದರು.

"ತಂತಿ ಬಾರಸೋದು ಬಿಡಸ್ರಿ, ಅಮ್ಮಾರ. ಗಾಯ ಆದ್ರ ಇವರಿಗೆ ತಿಳಿಯಂಗಿಲ್ಲ. ತಿಳಿದ್ರೂ ಲಗೂ ಮಾಯಂಗಿಲ್ಲ. ಕಾಲಿಂದು ನೋಡೀರಲ್ಲ?"

ನಾನು ಬಸ್ಸಿನಲ್ಲಿ ಬರುವಾಗಲೇ ಜಗಳಕ್ಕೆ ಮಾತುಗಳನ್ನು ಜೋಡಿಸಿಕೊಂಡಿದ್ದೆ. ಒಂದೂ ಬೇಕಾಗಲಿಲ್ಲ. ಅವರು ಮನೆಗೆ ಬಂದವರೇ ಗಿಟಾರಿಗೆ ಗವಸು ಹಾಕಿ ಕಪಾಟಿನ ಮೇಲಿಟ್ಟರು. ಆಮೇಲೆ ದಿನಾ ಸಂಜೆ ಸುಮ್ಮನೆ ಕುಳಿತುಕೊಳ್ಳತೊಡಗಿದರು. ಎಡಗೈಯ ಬೆರಳುಗಳು ಮಾತ್ರ ತೊಡೆಯ ಮೇಲೆ ಓಡಾಡುತ್ತಿದ್ದವು. ಊಟಕ್ಕೆ ಕುಳಿತಾಗಲೂ ತಟ್ಟೆಯ ಅಂಚಿನ ಮೇಲೆ ಅದೇ. ಜಗಳವಾಡುವ ಗಂಡಸನ್ನು ನಾನು ಸಂಭಾಳಿಸಬಲ್ಲೆ, ಒಪ್ಪಿಕೊಂಡು ಕೂತ ಗಂಡಸನ್ನು ಏನು ಮಾಡಬೇಕೋ ಯಾರೂ ಕಲಿಸಿರಲಿಲ್ಲ. ಹದಿನೈದು ದಿನ ನೋಡಿದೆ. ಆಗಲಿಲ್ಲ.

ತಂಗಿಯ ಮನೆಗೆಂದು ಸುಳ್ಳು ಹೇಳಿ ರೈಲು ಹತ್ತಿ ರಾಣೆಬೆನ್ನೂರಿಗೆ ಹೋದೆ. ಅಲ್ಲಿ ಹಾರ್ಮೋನಿಯಂ, ತಬಲಾ ಮಾರುವ ಒಂದು ಅಂಗಡಿಯಿದೆ. ನಾನು ಹೋದಾಗ ಕಾಗಿನೆಲೆ ಕಡೆಯ ಭಜನೆಯವರು ತಾಳ ಬಡಿದು ಬಡಿದು ಆರಿಸುತ್ತಿದ್ದರು. ಅವರು ಹೋಗುವವರೆಗೆ ಕಾದು, ಅಂಗಡಿಯ ಸಾಹೇಬರಿಗೆ ಎಲ್ಲವನ್ನೂ ಹೇಳಿದೆ. ಅವರು ನಮ್ಮ ಮನೆಯವರಿಗೆ ಹಳೆಯ ಪರಿಚಯ.

"ಕೊಯ್ಯಲಾರದಂಥ ತಂತಿ ಐತೇನ್ರಿ?" ಎಂದು ಕೇಳಿದೆ.

"ಅಕ್ಕಾರ, ಈಗ ಹಾಕಿದ್ದಕ್ಕ ದುಂಡನ್ನ ತಂತಿ ಸುತ್ತಿರ್ತಾರ. ಹಗ್ಗ ಹೆಣದ ಹೊರಸ ಇರತದಲ್ಲ, ಹಂಗ, ಉಬ್ಬ ತಗ್ಗ. ಫ್ಲ್ಯಾಟ್‌ವೌಂಡ್ ಅಂತ ಇನ್ನೊಂದ ಬರತದ. ಚಪ್ಪಟಿ ಪಟ್ಟಿ ಸುತ್ತಿರ್ತಾರ. ನವಾರದ ಮಂಚ ಇದ್ದಂಗ. ಕೈ ಆಡಿಸಿದ್ರ ನುಣ್ಣಗ. ಖರೇ ಹೇಳಬೇಕಂದ್ರ ಜಾಝ್‌ನವ್ರು ಹಾಕೋದ ಅದನ್ನ."

ನನಗೆ ಆಗಲೇ ಅರ್ಧ ಗಾಯ ಮಾಯ್ದಷ್ಟು ಸಮಾಧಾನವಾಯಿತು. ಅವರು ಬೆಂಗಳೂರಿನಿಂದ ತರಿಸಿಕೊಡುತ್ತೇನೆಂದರು. ದಪ್ಪ ಬೇಕೋ ಸಣ್ಣ ಬೇಕೋ ಎಂದು ಕೇಳಿದರು. ನಮ್ಮವರು ಯಾವಾಗಲೂ ದಪ್ಪದ್ದೇ ಹಾಕುತ್ತಾರಂತೆ, ಅದರ ದನಿ ತುಂಬಿಕೊಂಡಿರುತ್ತದಂತೆ. ಸಣ್ಣದು ಒತ್ತಲು ಹಗುರವಂತೆ.

"ಅವರನ್ನ ಒಂದ ಮಾತ ಕೇಳ್ರಿ," ಅಂದರು.

"ಕೇಳೋದೇನೈತಿ, ಸಣ್ಣದ ತರಸ್ರಿ."

"ಗಿಟಾರ್ ಇಲ್ಲಿಗೆ ತಂದ್ರ ನಾನ ಹಾಕಿ ಕೊಡ್ತೀನಿ, ಅಕ್ಕಾರ."

"ನವಾರದ ಮಂಚ ಬಿಗಿದಾಕಿ ನಾ. ಆರ ತಂತಿ ಏನ್ ದೊಡ್ಡ ಮಾತ್ರಿ?"

ಸಣ್ಣದು ಎಂದರೆ ಮೆತ್ತಗಿರುತ್ತದೆ, ಮೆತ್ತಗಿದ್ದರೆ ಕೊಯ್ಯುವುದಿಲ್ಲ. ಇಷ್ಟೇ ನನ್ನ ಲೆಕ್ಕ.

ಪೊಟ್ಟಣ ಬಂದದ್ದು ಖಂಡೇಪೂಜೆಯ ಹಿಂದಿನ ದಿನ. ನವಮಿಯಂದು ನಮ್ಮಲ್ಲಿ ದುಡಿಮೆಯ ಸಾಮಾನುಗಳನ್ನೆಲ್ಲ ತೊಳೆದು, ಒರೆಸಿ, ವಿಭೂತಿ ಹಚ್ಚಿ ಪೂಜೆ ಮಾಡುತ್ತೇವೆ. ಈಳಿಗೆ, ಒಳಕಲ್ಲು, ಬೈಕು ಯಾವುದನ್ನೂ ಬಿಡುವುದಿಲ್ಲ. ಪ್ರತಿ ವರ್ಷ ಗಿಟಾರಿಗೆ ಅವರೇ ಒಂದು ಹೂವು ಸಿಕ್ಕಿಸುತ್ತಿದ್ದರು, ನನ್ನನ್ನು ಮುಟ್ಟಲು ಬಿಡುತ್ತಿರಲಿಲ್ಲ. ಆ ವರ್ಷ ಅವರು ಬೆಳಿಗ್ಗೆಯೇ ಅಂಗಡಿಯ ಪೂಜೆಗೆ ಹೋದರು. ಬರುವಷ್ಟರಲ್ಲಿ ಹೊಸ ತಂತಿ ಹಾಕಿಟ್ಟು ಬೆರಗುಗೊಳಿಸಬೇಕೆಂದು ನಾನು ಗಿಟಾರನ್ನು ಕೆಳಗಿಳಿಸಿದೆ.

ತಲೆಯ ಕೀಲಿಗಳನ್ನು ತಿರುಗಿಸಿ ಆರೂ ತಂತಿ ಸಡಿಲಿಸಿದೆ. ಕೊನೆಯದು ಸಡಿಲವಾದದ್ದೇ ತಡ, ತಂತಿಗಳ ಕೆಳಗೆ ನಿಂತಿದ್ದ ಮರದ ಕುದುರೆ ಟಕ್ ಎಂದು ನನ್ನ ಮಡಿಲಿಗೆ ಬಿತ್ತು. ತಂಬೂರಿಗೂ ಇರುತ್ತದಲ್ಲ, ತಂತಿಗಳನ್ನು ಎತ್ತಿಹಿಡಿಯುವ ತುಂಡು, ಅದೇ. ಮುರಿದೇಬಿಟ್ಟೆನೇ? ತಿರುಗಿಸಿ ನೋಡಿದರೆ ಅಂಟಿನ ಗುರುತೂ ಇಲ್ಲ, ಮುರಿದ ಗುರುತೂ ಇಲ್ಲ. ಸರಿ, ಆಮೇಲೆ ಇಟ್ಟರಾಯಿತು ಎಂದುಕೊಂಡೆ. ಅದು ನಿಂತಿದ್ದ ಕಡೆ, ಸುತ್ತ ಕಟ್ಟಿದ ಹಳೇ ಕೊಳೆಯ ನಡುವೆ, ಎರಡು ಪಾದದ ಹಾಗೆ ಬಿಳಿಚಿದ ಗುರುತಿತ್ತು. ಮೂವತ್ತು ವರ್ಷದಿಂದ ಯಾರ ಕೈಯೂ ಆಡದ ಜಾಗ. ಖಂಡೇಪೂಜೆಯ ದಿನ ಕೊಳೆ ಬಿಡುವುದುಂಟೇ? ಕೊಬ್ಬರಿ ಎಣ್ಣೆ ಹಚ್ಚಿ ತಿಕ್ಕಿ ತಿಕ್ಕಿ ಒರೆಸಿದೆ. ಮೈಯೆಲ್ಲ ಒಂದೇ ಬಣ್ಣವಾಗಿ ಹೊಳೆಯಿತು. ಮೂರು ಬೆರಳಿನಿಂದ ವಿಭೂತಿ ಎಳೆದೆ.

ಆಮೇಲೆ ಪೊಟ್ಟಣ ಒಡೆದೆ. ನಾಲ್ಕು ತಂತಿಗಳು ಸಾಹೇಬರು ಹೇಳಿದಂತೆಯೇ ಇದ್ದವು, ಉಗುರು ಎಳೆದರೂ ಸಪ್ಪಳವಿಲ್ಲದಷ್ಟು ನುಣ್ಣಗೆ. ಉಳಿದ ಎರಡಕ್ಕೆ ಸುತ್ತೇ ಇರಲಿಲ್ಲ. ಬರೀ ಉಕ್ಕಿನ ತಂತಿ, ಹಳೆಯದಕ್ಕಿಂತ ತೆಳ್ಳಗೆ. ಬಟ್ಟೆ ಸೋಪಿನ ಬಾರನ್ನು ತಂತಿಯಿಂದ ಕೊಯ್ದು ಗೊತ್ತಿದ್ದವಳು ನಾನು. ತೆಳ್ಳಗಿದ್ದಷ್ಟೂ ಸಲೀಸಾಗಿ ಕೊಯ್ಯುತ್ತದೆ. ಅಂಗಡಿಯಲ್ಲಿ ಆ ಬುದ್ಧಿ ಎಲ್ಲಿ ಹೋಗಿತ್ತೋ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದೆ.

ಆದರೂ ಹಾಕಿದೆ. ಕುದುರೆ ಎಲ್ಲಿಡಬೇಕೋ ತಿಳಿಯದೆ ಅಂದಾಜಿಗೆ ಇಟ್ಟು ಬಿಗಿದೆ. ಒಂದು ತಂತಿ ಮೀಟಿ, ಕೊರಳ ಮೇಲಿನ ಅಡ್ಡಪಟ್ಟಿಗಳ ಬೇರೆ ಬೇರೆ ಮನೆಯಲ್ಲಿ ಒತ್ತಿ ನೋಡಿದೆ. ಕೋಣಕ್ಕೂ ತಿಳಿಯುವಷ್ಟು ಅಪಸ್ವರ. ಸಾಹೇಬರಿಗೆ ಫೋನು ಹಚ್ಚಿದೆ.

"ಅಯ್ಯಯ್ಯ ಅಕ್ಕಾರ, ಎಲ್ಲಾ ಒಮ್ಮೆಲೆ ಬಿಚ್ಚಬಾರದಾಗಿತ್ತು. ಒಂದ ಬಿಚ್ಚಿ ಒಂದ ಹಾಕಬೇಕ್ರಿ. ಆ ಕುದುರಿ ತಂತಿ ಬಿಗಿ ಮ್ಯಾಲ ನಿಂತಿರ್ತದ ಅಷ್ಟ. ಕೂದಲೆಳಿಯಷ್ಟು ಸರದ್ರೂ ಸ್ವರ ಕೆಡತಾವ. ಚಿಂತಿ ಮಾಡಬ್ಯಾಡ್ರಿ, ಕೆಳಗ ಗುರುತ ಇರತದ, ಅಲ್ಲೇ ಇಡ್ರಿ."

"ಗುರುತ ಒರಸಿಬಿಟ್ಟೇನ್ರಿ," ಅಂದೆ.

ಮಧ್ಯಾಹ್ನ ಅವರು ಬಂದಾಗ ನಾನು ಗಿಟಾರನ್ನು ಮುಂದಿಟ್ಟುಕೊಂಡು ಅಳುತ್ತಾ ಕುಳಿತಿದ್ದೆ. ಅವರು ಎಣ್ಣೆಯಲ್ಲಿ ಮಿಂದ ಮೈ ನೋಡಿದರು, ವಿಭೂತಿ ನೋಡಿದರು, ಮೂಗಿನ ಹತ್ತಿರ ತಂದು ಮೂಸಿದರು. "ಒಂದೀಟು ಒಗ್ಗರಣಿ ಕೊಟ್ಟಬಿಟ್ಟಿದ್ರ ಆಗ್ತಿತ್ತು," ಎಂದು ನಕ್ಕರು. ಎಷ್ಟೋ ದಿನದ ಮೇಲೆ ಕೇಳಿದ ನಗು.

ಹಳೆಯ ಬನಿಯನ್ನಿನಿಂದ ಎಣ್ಣೆಯನ್ನೆಲ್ಲ ತೆಗೆದು, ತಂತಿ ಸ್ವಲ್ಪ ಸಡಿಲಿಸಿ ಕುಳಿತರು. ತಂತಿಯ ನಟ್ಟನಡುವೆ ಬೆರಳು ಮುಟ್ಟಿಸಿಯೂ ಮುಟ್ಟಿಸದ ಹಾಗೆ ಇಟ್ಟು ಮೀಟಿದರೆ ಗಂಟೆಯಂಥ ಒಂದು ನಾದ ಬರುತ್ತದೆ. ಅದೇ ಜಾಗವನ್ನು ಒತ್ತಿ ಮೀಟಿದಾಗಲೂ ಅದೇ ಸ್ವರ ಬರಬೇಕು. ಬರುವವರೆಗೆ ಕುದುರೆಯನ್ನು ಇಷ್ಟಿಷ್ಟೇ ಸರಿಸಬೇಕು. ಬೆರಳಿಗೆ ಸ್ಪರ್ಶವಿಲ್ಲದ ಕಾರಣ ಅವರು ಬಾಗಿ ಕಣ್ಣಿನಿಂದ ಬೆರಳನ್ನು ನೋಡಿಕೊಂಡು, ಕಿವಿಯಿಂದ ಕೇಳಿಕೊಂಡು, ಒಂದೂವರೆ ತಾಸು ಮಾಡಿದರು. ಕೊನೆಗೆ ಎರಡೂ ಸ್ವರ ಒಂದಾದವು. ಹೊಸ ತಂತಿಗಳ ದನಿ ಕಂಬಳಿ ಹೊದ್ದವರ ಮಾತಿನ ಹಾಗೆ ಮೆತ್ತಗೆ, ಬೆಚ್ಚಗೆ ಇತ್ತು.

ಬೆರಳುಗಳನ್ನು ತಂತಿಯ ಮೇಲೆ ಮೇಲಿಂದ ಕೆಳಗೆ ಜಾರಿಸಿದರು. ನಿಲ್ಲಿಸಿ, ನನ್ನ ಕಡೆ ನೋಡಿದರು.

"ನೀ ಒಂದಿಷ್ಟ ಕೈ ಆಡಿಸಿ ಹೇಳು. ನುಣ್ಣಗ ಅದಾವೇನು?"

ಇಷ್ಟು ದಿನ ನುಣುಪಿನ ಹಿಂದೆ ಬಿದ್ದು ರಾಣೆಬೆನ್ನೂರಿನವರೆಗೆ ಹೋದವಳಿಗೆ ಒಂದು ಸಲವೂ ಹೊಳೆದಿರಲಿಲ್ಲ. ಆ ನುಣುಪು ಅವರಿಗೆ ಎಂದೂ ತಿಳಿಯುವಂತಿರಲಿಲ್ಲ. ನಾನು ಕೈ ಆಡಿಸಿದೆ. "ಭಾಳ ನುಣ್ಣಗ ಅದಾವ್ರಿ," ಅಂದೆ. ಅವರಿಗೆ ಖುಷಿಯಾಯಿತು. ನಾನು ಒಳಗೆ ಹೋಗಿ ಬಾಯಿಗೆ ಸೆರಗು ಒತ್ತಿಕೊಳ್ಳಬೇಕಾಯಿತು.

ಅವತ್ತೇ ಒಂದು ಕರಾರು ಮಾಡಿಕೊಂಡೆವು. ನಾಲ್ಕು ನುಣ್ಣನೆಯ ತಂತಿ ಮಾತ್ರ ಬಾರಿಸುವುದು, ಆ ಎರಡು ತೆಳ್ಳನೆಯವನ್ನು ಮುಟ್ಟಕೂಡದು. ತೆಗೆದೇ ಬಿಡಿ ಅಂದರೆ, "ಮುಂದಿನ ಹಲ್ಲು ಕಿತ್ತಂಗ ಕಾಣ್ತದ, ಇರ್ಲಿ ಬಿಡು," ಅಂದರು. ನಾನು ಬಿಟ್ಟೆ. ದಿನಾ ಬಾರಿಸಿದ ಮೇಲೆ ಶಾಲೆಯಲ್ಲಿ ಉಗುರು ತೋರಿಸುವ ಹುಡುಗನಂತೆ ಎಡಗೈ ಚಾಚುತ್ತಿದ್ದರು. ನಾನು ಚಶ್ಮಾ ಹಾಕಿಕೊಂಡು ಒಂದೊಂದೇ ಬೆರಳು ನೋಡುತ್ತಿದ್ದೆ. "ಏನರ ಐತೇನು?" ಎಂದು ಕೇಳುತ್ತಿದ್ದರು. "ಏನಿಲ್ಲ," ಎನ್ನುತ್ತಿದ್ದೆ. ಚಳಿಗಾಲ ಹಾಗೆ ಕಳೆಯಿತು. ಆ ದಿನಗಳಲ್ಲಿ ನಾವು ಸುಖವಾಗಿದ್ದೆವು.

ಒಂದು ಸಂಜೆ ನಾನು ಒಲೆಯ ಮುಂದೆ ಕಡಲೆಹಿಟ್ಟಿನ ಜುಣಕ ತಿರುವುತ್ತಿದ್ದೆ. ಕೆಳಗಿನ ದನಿಯಲ್ಲಿ ನಡೆದಿದ್ದ ಹಾಡು ತಟಕ್ಕನೆ ಮೇಲಕ್ಕೇರಿತು. ತೆಳ್ಳನೆಯ ತಂತಿಯ ಸ್ವರವೆಂದು ಮೊದಲ ಸಲಕ್ಕೇ ಗೊತ್ತಾಯಿತು. ಎದ್ದು ಹೋಗಿ ಕೈ ಹಿಡಿಯಬೇಕಿತ್ತು. ನಾನು ಹೋಗಲಿಲ್ಲ. ಮೂವತ್ತು ವರ್ಷದಲ್ಲಿ ಮೊದಲ ಬಾರಿಗೆ ಆ ಹಾಡು ಎಲ್ಲಿಗೆ ಹೊರಟಿದೆ ಎಂದು ನನಗೆ ತಿಳಿಯುತ್ತಿತ್ತು, ಮುಗಿಯಲಿ ಅನ್ನಿಸಿತು. ಜುಣಕ ತಳ ಹಿಡಿಯಿತು. ಈ ತಪ್ಪಿಗೆ ನಾನು ಯಾರನ್ನೂ ದೂರುವ ಹಾಗಿಲ್ಲ.

ಹಾಡು ಮುಗಿದ ಮೇಲೆ ಹೋದೆ. ಅವರು ಕೈ ಚಾಚಿದರು. ಉಂಗುರದ ಬೆರಳಿನ ತುದಿಯಲ್ಲಿ ಕೂದಲಿನಷ್ಟು ತೆಳ್ಳನೆಯ ಕೆಂಪು ಗೆರೆಯಿತ್ತು. ಅವರು ಬೆರಳು ನೋಡುತ್ತಿರಲಿಲ್ಲ, ನನ್ನ ಮುಖ ನೋಡುತ್ತಿದ್ದರು. "ಏನರ ಐತೇನು?" ಎಂದು ಆ ದಿನ ಕೇಳಲಿಲ್ಲ.

ನಾನು ಬೆರಳಿಗೆ ಪಟ್ಟಿ ಕಟ್ಟಿದ ಮೇಲೆ ಅವರು ಡ್ರಾವರಿನಿಂದ ಪೆನ್ಸಿಲ್ ತಂದರು. "ಕುದುರಿ ಗಟ್ಟಿ ಹಿಡಕೋ," ಅಂದರು. ಹಿಡಿದೆ. ಅದರ ಎರಡೂ ಪಾದಗಳ ಸುತ್ತ, ಬಾಗಿ, ಸಣ್ಣಗೆ ಗೆರೆ ಎಳೆದರು. ಆಮೇಲೆ ತಂತಿಗಳನ್ನು ಒಂದೊಂದಾಗಿ ಸಡಿಲಿಸಿದರು. ಕುದುರೆಯನ್ನು ಬಟ್ಟೆಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟರು.

"ಈ ಸಲ ಒರಸಬ್ಯಾಡ," ಅಂದರು.

ಗಾಯ ಮಾಯಲು ಎರಡು ತಿಂಗಳು ಹಿಡಿಯಿತು. ಬೆರಳು ಉಳಿಯಿತು, ಅರ್ಧ ಉಗುರು ಹೋಯಿತು. ಇನ್ನೊಂದು ಸಲವಾದರೆ ತಾನು ಜವಾಬ್ದಾರನಲ್ಲ ಎಂದು ಹಾವೇರಿಯ ಡಾಕ್ಟರು ಹೇಳಿದ್ದಾರೆ.

ಈ ವರ್ಷವೂ ಖಂಡೇಪೂಜೆ ಬಂತು. ಅಂದಿನಿಂದ ಕಪಾಟಿನ ಮೇಲೇ ಇದ್ದ ಗಿಟಾರನ್ನು ಕೆಳಗಿಳಿಸಿ, ಎಣ್ಣೆ ಮುಟ್ಟಿಸದೆ ಒಣ ಬಟ್ಟೆಯಿಂದ ಒರೆಸಿದೆ. ಪೆನ್ಸಿಲ್ ಗೆರೆಯ ಹತ್ತಿರ ಬಂದಾಗ ಕೈ ನಿಲ್ಲಿಸಿ, ಬಾಯಿಯಿಂದ ಊದಿ ಧೂಳು ತೆಗೆದೆ. ಅವರು ಬಾಗಿಲಲ್ಲಿ ನಿಂತಿದ್ದರು. ಒಳಗೆ ಬರಲಿಲ್ಲ.

"ಗುರುತ ಐತೇನು?" ಎಂದು ಕೇಳಿದರು.

"ಐತ್ರಿ," ಅಂದೆ.