ಎಕ್ಕಿ ಅಲ್ಲ, ಲಕ್ಕಿ

ಲಕ್ಕಿ ಗಿಡದ ವಾಸನೆ ಎಲ್ಲರಿಗೂ ಹಿಡಿಸುವುದಿಲ್ಲ. ಆಡು ಕೂಡ ಮೂಸಿ ನೋಡಿ ಮುಂದೆ ಹೋಗುತ್ತದೆ. ಅದಕ್ಕೇ ನಮ್ಮ ಮುಂಡರಗಿ ಕಡೆ ಹೊಲದ ಬೇಲಿಗೆ ಅದನ್ನು ಹಚ್ಚುತ್ತಿದ್ದರು. ಬೆರಳು ಅಗಲಿಸಿದ ಅಂಗೈಯಂಥ ಎಲೆ, ತುದಿಗೆ ಸಣ್ಣ ಸಣ್ಣ ನೀಲಿ ಹೂವು. ನನಗೆ ಮಾತ್ರ ಆ ವಾಸನೆ ಬಂದರೆ ಎದೆ ಹಗುರಾಗುತ್ತದೆ. ಯಾಕೆ ಅಂತ ಹೇಳಿದರೆ ನಮ್ಮ ಮನೆಯವರ ಮರ್ಯಾದೆ ಸ್ವಲ್ಪ ಹೋಗುತ್ತದೆ. ಹೋಗಲಿ.

ನನ್ನ ಅವ್ವನಿಗೆ ಲಕ್ಕಿ ಇಲ್ಲದೆ ಸಂಸಾರವೇ ನಡೆಯುತ್ತಿರಲಿಲ್ಲ. ಯಾರಿಗಾದರೂ ನೆಗಡಿಯಾದರೆ ಅದನ್ನು ಕುದಿಸಿ, ಕಂಬಳಿ ಹೊದಿಸಿ, ಬೇಡ ಬೇಡ ಎಂದರೂ ಹಬೆ ಹಿಡಿಸುವಳು. ಅಪ್ಪನ ಮೊಣಕಾಲು ಬಾತರೆ ಎಲೆ ಬಿಸಿ ಮಾಡಿ ಕಟ್ಟುವಳು. ತಲೆಶೂಲೆಗೆ ಒಣಗಿದ ಎಲೆ ತುಂಬಿದ ದಿಂಬು, ಜೋಳದ ಚೀಲಕ್ಕೆ ಹುಳ ಬೀಳದಂತೆ ನಾಲ್ಕು ಟೊಂಗೆ, ಸಂಜೆ ಗುಂಗಾಡು, ಸೊಳ್ಳೆ ಓಡಿಸಲು ಹೊಗೆ. ಮನೆಯಲ್ಲಿ ಬಾಣಂತಿ ಇದ್ದರಂತೂ ಹಂಡೆಯ ನೀರಿಗೆ ಲಕ್ಕಿ ತಪ್ಪಲು ಬೀಳದೆ ಎರೆಯುವ ಮಾತೇ ಇಲ್ಲ. ತಪ್ಪಲು ಅಂದರೆ ನಮ್ಮಲ್ಲಿ ಎಲೆ, ಸೊಪ್ಪು. ಹೆತ್ತ ಮೈಯ ನೋವು ಬೇರೆ ಯಾವುದಕ್ಕೂ ಬಗ್ಗುವುದಿಲ್ಲ ಎಂದು ಅವಳ ನಂಬಿಕೆ.

ಆ ಸಲದ ಬಾಣಂತಿ ನಾನು. ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದೆ, ಹೆಣ್ಣು ಹುಟ್ಟಿತ್ತು. ಮಗುವನ್ನು ತೊಟ್ಟಿಲಿಗೆ ಹಾಕುವ ದಿನ ಹತ್ತಿರ ಬಂದಾಗ ನಮ್ಮ ಮನೆಯವರು ಲಕ್ಷ್ಮೇಶ್ವರದಿಂದ ಬಂದರು. ಅಲ್ಲಿಯವರೆಗೆ ಬಾಣಂತಿ ಕೋಣೆಗೆ ಗಂಡಸರು ಕಾಲಿಡುವಂತಿರಲಿಲ್ಲ. ಹೆತ್ತ ಅಪ್ಪನೇ ಆದರೂ ಮಗುವಿನ ಮುಖ ನೋಡುವುದು ತೊಟ್ಟಿಲಲ್ಲಿ.

ಕನ್ನಡ ನಾಡು ಒಂದಾಗಬೇಕು ಎಂಬ ಮಾತು ಊರೂರಲ್ಲಿ ಎದ್ದಿದ್ದ ಕಾಲ. ತುಂಗಭದ್ರೆಯ ಈಚೆ ಒಂದು ಸರಕಾರ, ಆಚೆ ಇನ್ನೊಂದು. ನಮ್ಮ ಮನೆಯವರ ಊರಂತೂ ಮೊನ್ನೆ ಮೊನ್ನೆಯವರೆಗೆ ಸಂಸ್ಥಾನದ್ದು. ಅವರು ಅರಿವೆ ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿ ಶಿರಹಟ್ಟಿ, ಗದಗ, ಬೆಟಗೇರಿ ಎಂದು ಸಭೆಗಳಿಗೆ ತಿರುಗುತ್ತಿದ್ದರು. ಮುಂಡರಗಿಗೆ ಬಂದ ದಿನವೂ ಪಡಸಾಲೆಯಲ್ಲಿ ಕೂತು ನನ್ನ ಅಪ್ಪನಿಗೆ ಅದೇ ಭಾಷಣ. ಕನ್ನಡದವರೆಲ್ಲ ಒಬ್ಬರ ಮಾತು ಒಬ್ಬರು ತಿಳಿಯುವವರು, ಹಂಚಿಹೋಗಿ ಯಾಕಿರಬೇಕು ಎಂದು. ಕೋಣೆಯಲ್ಲಿ ಮಗುವಿಗೆ ಹಾಲು ಕುಡಿಸುತ್ತ ಎಲ್ಲ ಕೇಳಿಸಿಕೊಂಡೆ.

ನಮ್ಮ ಮನೆತನದಲ್ಲಿ ಅತ್ತೆಯಾದವಳು ಅಳಿಯನ ಎದುರಿಗೆ ಬರುವಂತಿಲ್ಲ, ನೇರ ಮಾತಾಡುವಂತಿಲ್ಲ. ಅವ್ವ ಬಾಗಿಲ ಹಿಂದೆ ನಿಂತು, ಬಾಯಿಗೆ ಸೆರಗು ಹಿಡಿದು, ಹೇಳುವುದನ್ನು ಗೋಡೆಗೆ ಹೇಳುವಳು. ಅಳಿಯ ಅದು ತನಗೆ ಎಂದು ತಿಳಿದುಕೊಳ್ಳಬೇಕು. ಏನಂದಿರಿ ಎಂದು ತಿರುಗಿ ಕೇಳಿದರೆ ಅತ್ತೆಯನ್ನು ಮಾತಿಗೆ ಎಳೆದಂತೆ. ಮದುವೆಯಾಗಿ ಎರಡು ವರ್ಷವಾಗಿದ್ದರೂ ಇವರು ಅವ್ವನ ಮುಖ ನೋಡಿರಲಿಲ್ಲ.

ಮರುದಿನ ಮುಂಜಾನೆ ಅಪ್ಪ ಪೇಟೆಗೆ ಹೋಗಿದ್ದ, ಮನೆಯಲ್ಲಿ ತಪ್ಪಲು ತೀರಿತ್ತು. ಅವ್ವ ಗೋಡೆಗೆ ಹೇಳಿದಳು.

“ಬಾಣಂತಿಗೆ ಎರಿಯಾಕ ಲಕ್ಕಿ ತಪ್ಪಲ ಬೇಕಾಗಿತ್ತು. ಗುಡ್ಡದ ಕಡೆ ಹೊಲಕ್ಕ ಹೋಗಾವರು ಯಾರರ ತಂದ್ರ ಛಲೋ ಆಗ್ತಿತ್ತು.”

ಓಣಿಯಲ್ಲಿ ಹೋಗುವ ಗಾಡಿಯವರಿಗೆ ಅಳಿಯ ಒಂದು ಮಾತು ಹೇಳಲಿ ಎಂಬುದಷ್ಟೇ ಅವಳ ಮನಸ್ಸಿನಲ್ಲಿತ್ತು. ಇವರು ಚೀಲ ಹೆಗಲಿಗೆ ಹಾಕಿಕೊಂಡು ತಾವೇ ಹೊರಟರು. ಕೇಳಿಸಿದ್ದು ಬೇರೆ. ಮೈಸೂರು ಕಡೆಯವರು ಎಕ್ಕ ಅನ್ನುವ ಇನ್ನೊಂದು ಗಿಡ ನಮ್ಮ ಬಾಯಲ್ಲಿ ಎಕ್ಕಿ. ಲಕ್ಕಿಯ ಮೊದಲ ಅಕ್ಷರವನ್ನು ಸೆರಗು ನುಂಗಿತ್ತು, ಮುಂದೆ ತಪ್ಪಲು ಎಂದಿದ್ದರಿಂದ ಅಕ್ಕಿ ಆಗಿರಲಾರದು, ಎಕ್ಕಿಯೇ ಎಂದು ಇವರು ತಿಳಿದರು. ರಥಸಪ್ತಮಿಗೆ ಎಕ್ಕಿ ಎಲೆ ತಲೆಯ ಮೇಲಿಟ್ಟುಕೊಂಡು ಸ್ನಾನ ಮಾಡುವುದು ಇವರಿಗೆ ಗೊತ್ತಿತ್ತು. ಬಾಣಂತಿಗೂ ಹಾಗೇ ಏನೋ ಇರಬೇಕು ಎಂದುಕೊಂಡರಂತೆ. ನಾಡಿನ ಮಂದಿಯನ್ನೆಲ್ಲ ಒಂದು ಮಾಡಲು ಹೊರಟವರಿಗೆ ಅತ್ತೆಯ ಒಂದು ಮಾತು ತಿಳಿಯಲಿಲ್ಲ.

ಬಿಸಿಲೇರುವ ಹೊತ್ತಿಗೆ ಬಂದು ಅಂಗಳದಲ್ಲಿ ಚೀಲ ಸುರುವಿದರು. ದಪ್ಪ ದಪ್ಪ ಎಕ್ಕಿ ಎಲೆ, ಚೀಲದ ತುಂಬ. ನಮಗೆ ಎರೆಯಲು ಬಂದಿದ್ದ ಹೆಂಗಸು ಅಲ್ಲೇ ಕೂತು ನಕ್ಕಳು. ಅವ್ವ ಬಾಗಿಲ ಹಿಂದೆ ನಕ್ಕಳು, ನಾನು ಕೋಣೆಯಲ್ಲಿ ನಕ್ಕೆ. ಆಮೇಲೆ ಅವ್ವನ ನಗು ಫಕ್ಕನೆ ನಿಂತಿತು. ಇವರ ಕೈಮೇಲೆ, ಧೋತರದ ಮೇಲೆಲ್ಲ ಎಕ್ಕಿ ಹಾಲು, ಆ ಕೈಯಿಂದಲೇ ಮುಖದ ಬೆವರು ಒರೆಸಿಕೊಳ್ಳುತ್ತಿದ್ದರು. ಎಕ್ಕಿ ಹಾಲು ಬಿದ್ದರೆ ಕಣ್ಣು ಹೋಗುತ್ತದೆ ಎಂದು ನಮ್ಮಲ್ಲಿ ಎಳೆ ಮಕ್ಕಳಿಗೂ ಗೊತ್ತು.

ಕಣ್ಣು ತೊಳೆದುಕೊಳ್ಳಬೇಕು ಎಂದು ಅವ್ವ ಗೋಡೆಗೆ ಹೇಳಿದಳು. ಇವರು ಒಂದು ಬೊಗಸೆ ನೀರು ಚಿಮುಕಿಸಿಕೊಂಡು, ಉರಿಯಿಲ್ಲ, ನೋವಿಲ್ಲ, ಏನೂ ಆಗಿಲ್ಲ ಎಂದು ಮೀಸೆ ತಿರುವಿದರು. ಖರೆ, ನೋವಿರಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಮಾತ್ರ, ಮನೆಯಲ್ಲಿ ಇಷ್ಟು ಹೊಗೆ ಯಾಕೆ ಎಂದು ಅಪ್ಪನನ್ನು ಕೇಳಿದರು. ಹೊಗೆ ಎಲ್ಲಿಯೂ ಇರಲಿಲ್ಲ.

ಬೆಳಗಾದ ಮೇಲೆ ಬಾಗಿಲ ಸಂದಿನಿಂದ ನೋಡಿದೆ. ಇವರು ನೀರಿನ ಚರಗಿ ತೆಗೆದುಕೊಳ್ಳಲು ಕೈ ಚಾಚಿದರು. ಚರಗಿ ಒಂದು ಕಡೆ, ಕೈ ಒಂದು ಕಡೆ. ಮತ್ತೆ ತಡಕಾಡಿದರು. ಅದನ್ನು ನಾನು ನೋಡಿದಂತೆಯೇ ಅಡಿಗೆಮನೆಯಿಂದ ಅವ್ವನೂ ನೋಡಿದಳು.

ಅವಳು ಸೀದಾ ಪಡಸಾಲೆಗೆ ಬಂದಳು. ಬಾಯಿಗೆ ಸೆರಗಿರಲಿಲ್ಲ. ಅಳಿಯನ ಗದ್ದ ಹಿಡಿದು ಮುಖ ಎತ್ತಿ ಬೆಳಕಿಗೆ ತಿರುಗಿಸಿದಳು.

“ಅಳಿಯಾರ, ಕಣ್ಣ ತಗೀರಿ. ನಾ ಕಾಣ್ತೇನೇನು?”

“ಯಾರೋ ನಿಂತಂಗ ಕಾಣ್ತೈತ್ರಿ,” ಎಂದರು ಇವರು.

ನಾನು ಮಗುವನ್ನು ಎತ್ತಿಕೊಂಡೆ. ಈ ಮನುಷ್ಯ ಮಗಳ ಮುಖ ನೋಡದೆಯೇ ಉಳಿಯುತ್ತಾರೆ ಅನ್ನಿಸಿತು.

ಅವ್ವ ಚರಗಿ ಮೇಲೆ ಚರಗಿ ನೀರು ಸುರುವಿ ಕಣ್ಣು ತೊಳೆದಳು. ಆಮೇಲೆ ಒಂದು ಸಣ್ಣ ಬಟ್ಟಲು ಹಿಡಿದು ನನ್ನ ಮುಂದೆ ನಿಂತಳು. ಕಣ್ಣಿಗೆ ಏನಾದರೂ ಹೆಣ್ಣು ಹೆತ್ತವಳ ಎದೆಹಾಲು ಬಿಡುವುದು ನಮ್ಮ ಕಡೆಯ ರೂಢಿ. ಹಿಂಡಿ ಕೊಟ್ಟೆ. ಅದಾದ ಮೇಲೆ ಅಪ್ಪ ಇವರನ್ನು ಬಸ್ಸಿನಲ್ಲಿ ಗದಗಿಗೆ ಕರೆದುಕೊಂಡು ಹೋದ. ಅಲ್ಲಿಯ ಡಾಕ್ಟರು ಕಣ್ಣಿಗೆ ಹನಿ ಕೊಟ್ಟು, ಇನ್ನು ಹಾಲುಗೀಲು ಹಾಕಬೇಡಿ, ಉಜ್ಜಬೇಡಿ ಎಂದರಂತೆ. ಮಂಜು ತಿಳಿಯಾಗಬಹುದು ಎಂದರಂತೆ. ಆ ‘ಬಹುದು’ ನನಗೆ ಊಟ ಸೇರಗೊಡಲಿಲ್ಲ.

ತೊಟ್ಟಿಲಿನ ದಿನ ಬಂತು. ಮುಹೂರ್ತ ತಪ್ಪಿಸಬಾರದು, ಮಗುವಿನ ಅಪ್ಪನ ಕೈಯಿಂದ ಬರೀ ಮುಟ್ಟಿಸಿದರಾಯಿತು ಎಂದು ಬಂದ ಹೆಂಗಸರು ಹೇಳಿದರು. ನನಗೆ ಸಿಟ್ಟು ನೆತ್ತಿಗೇರಿತು. ಅಪ್ಪ ನೋಡದ ತೊಟ್ಟಿಲು ನನಗೆ ಬೇಡ ಎಂದು ಕೋಣೆಯಿಂದಲೇ ಕೂಗಿದೆ. ಬೈದಾಳೆಂದುಕೊಂಡಿದ್ದ ಅವ್ವ ನನ್ನ ಕಡೆಗೇ ನಿಂತಳು. ತೊಟ್ಟಿಲು ಎಲ್ಲಿಗೂ ಓಡಿಹೋಗುವುದಿಲ್ಲ ಎಂದು ಎಲ್ಲರಿಗೂ ಕುಂಕುಮ ಹಚ್ಚಿ ಕಳಿಸಿದಳು.

ಆಮೇಲಿನ ದಿನಗಳಲ್ಲಿ ಅವಳೇ ಇವರ ಕೈ ಹಿಡಿದು ಹಿತ್ತಲಿಗೆ ಕರೆದೊಯ್ಯುವಳು, ರೊಟ್ಟಿ ಮುರಿದು ಕೈಗಿಡುವಳು. ಗೋಡೆಗೆ ಹೇಳಲು ಪುರುಸೊತ್ತೆಲ್ಲಿ? ಗಿಡದ ಗುರುತಿಲ್ಲದವರು ಗುಡ್ಡಕ್ಕೆ ಯಾಕೆ ಹೋಗಬೇಕು ಎಂದು ನೇರವಾಗಿಯೇ ಬೈದಳು. ನೀವು ಬಾಯಿ ಬಿಟ್ಟು ಹೇಳಿದ್ದರೆ ಯಾಕೆ ಹೀಗಾಗುತ್ತಿತ್ತು ಎಂದು ಇವರೂ ಅಂದರು. ಅತ್ತೆ ಅಳಿಯ ಎದುರೆದುರು ಜಗಳಾಡುವುದನ್ನು ಆ ಮನೆ ಅದೇ ಮೊದಲು ಕೇಳಿದ್ದು. ನಾನು ಗೋಡೆಗೆ ಒರಗಿ ಕೇಳುತ್ತಿದ್ದೆ, ಅಳುವಿನ ನಡುವೆ ನಗು ಬರುತ್ತಿತ್ತು.

ಒಂದು ಮುಂಜಾನೆ ಅವ್ವ ಬೇಲಿಯಿಂದ ಹೊಸ ಲಕ್ಕಿ ತರಿಸಿ, ಅಂಗಳದಲ್ಲಿ ಕೂತು ಟೊಂಗೆ ಮುರಿಯುತ್ತಿದ್ದಳು. ಇವರು ಕಟ್ಟೆಯ ಮೇಲಿದ್ದರು.

“ಅತ್ತಿಯಾರ, ಲಕ್ಕಿ ಹೂವು ನೀಲಿ ಇರ್ತಾವೇನ್ರಿ?”

ಯಾರೂ ಇವರಿಗೆ ಹೂವಿನ ಬಣ್ಣ ಹೇಳಿರಲಿಲ್ಲ. ಅವ್ವನ ಕೈಯಲ್ಲಿದ್ದ ಟೊಂಗೆ ಕೆಳಗೆ ಬಿತ್ತು. ನೀರು ಗುಣ ಮಾಡಿತೋ, ಹನಿಯೋ, ಹಾಲೋ, ನಾನು ಯಾರೊಡನೆಯೂ ವಾದಕ್ಕೆ ಕೂಡುವುದಿಲ್ಲ. ಕಣ್ಣು ಬಂತು, ನನಗೆ ಅಷ್ಟೇ ಬೇಕಾಗಿತ್ತು. ಬಾಗಿಲ ಚೌಕಟ್ಟು ಹಿಡಿದುಕೊಂಡು ಮನಸಾರೆ ಅತ್ತುಬಿಟ್ಟೆ.

ಅವ್ವ ತೊಟ್ಟಿಲಿಗೂ ಕಾಯಲಿಲ್ಲ. ಒಳಗೆ ಬಂದು ಮಗುವನ್ನು ಎತ್ತಿಕೊಂಡು ಹೋಗಿ ಇವರ ತೊಡೆಯ ಮೇಲೆ ಮಲಗಿಸಿ, ಎದುರಿಗೆ ನಿಂತಳು. ಇವರು ಮಗುವನ್ನು ನೋಡಿದರು. ತಲೆ ಎತ್ತಿ ಅವ್ವನನ್ನು ನೋಡಿದರು. ಮತ್ತೆ ಮಗುವನ್ನು ನೋಡಿದರು.

“ಮೂಗು ಅತ್ತಿಯಾರದ ಐತಿ,” ಎಂದರು.

ಅವ್ವನ ಕೈ ರೂಢಿಯಂತೆ ಸೆರಗಿಗೆ ಹೋಯಿತು. ಅರ್ಧಕ್ಕೆ ಎತ್ತಿದ ಸೆರಗನ್ನು ಅವಳು ಹಾಗೇ ಕೆಳಗೆ ಬಿಟ್ಟಳು.