ನಾನಿದ್ದಾಗ ಓಡದ ಯಂತ್ರ

ಶಕುನ ನೋಡುವವರನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು. ಗಂಡ ತೀರಿಕೊಂಡ ಮೇಲಂತೂ ಇನ್ನೂ ಹೆಚ್ಚು. ಹಣೆಯ ಕುಂಕುಮ ಅಳಿಸಲಿಲ್ಲ, ಯಾರ ಎದುರಿಗೂ ತಲೆ ತಗ್ಗಿಸಿ ಮೂಲೆ ಹಿಡಿಯಲಿಲ್ಲ. ಇಂಜಿನಿಯರಿಂಗ್ ಓದಿದವಳು, ಕಾರಣವಿಲ್ಲದೆ ಏನೂ ನಡೆಯುವುದಿಲ್ಲ ಎಂದು ಕಂಡಕಂಡವರಿಗೆಲ್ಲ ಬುದ್ಧಿ ಹೇಳುತ್ತಿದ್ದೆ. ಈಗ ಬರೆಯಲು ಹೊರಟಿರುವುದನ್ನು ಬೇರೆ ಯಾರಾದರೂ ಹೇಳಿದ್ದರೆ ನಕ್ಕು ಎದ್ದು ಹೋಗುತ್ತಿದ್ದೆ. ನೀವು ನಕ್ಕರೂ ತಪ್ಪು ತಿಳಿಯುವುದಿಲ್ಲ.

ನನ್ನ ಮನೆ ವಿಜಯಪುರದಲ್ಲಿ. ಕಾರ್ಖಾನೆಗೆ ಹೊಸ ಸ್ವಯಂಚಾಲಿತ ಯಂತ್ರ ಬಂದಾಗ, ಅದು ಹೇಳಿದ ಕೆಲಸವನ್ನು ಹೇಳಿದಂತೆ ಮಾಡುತ್ತದೆಯೇ ಎಂದು ಕೊಳ್ಳುವವರ ಪರವಾಗಿ ಪರೀಕ್ಷಿಸಿ ಸಹಿ ಹಾಕುವುದು ನನ್ನ ಕೆಲಸ. ಕೆಲವು ವರ್ಷಗಳ ಹಿಂದೆ ತಿಕೋಟಾದ ಹತ್ತಿರ ಮೈಬೂಬಸಾಹೇಬರೆಂಬ ವ್ಯಾಪಾರಿ ಒಣದ್ರಾಕ್ಷಿ ಆರಿಸಿ ಡಬ್ಬಿ ತುಂಬುವ ಯಂತ್ರ ತರಿಸಿದ್ದರು. ದ್ರಾಕ್ಷಿ ಬೆಲ್ಟಿನ ಮೇಲೆ ಬರುತ್ತದೆ. ಕ್ಯಾಮೆರಾ ಕಡ್ಡಿ, ಕಲ್ಲು ಗುರುತಿಸುತ್ತದೆ. ಗಾಳಿ ಅದನ್ನು ಹೊರಗೆ ಹಾರಿಸುತ್ತದೆ. ಬೆಲ್ಟಿನ ಬಾಯಲ್ಲಿ ಕಣ್ಣಿಗೆ ಕಾಣದ ಬೆಳಕಿನ ಪರದೆಯೊಂದಿರುತ್ತದೆ. ಯಾರದಾದರೂ ಕೈ ಅದರೊಳಗೆ ಹೋದರೆ ಯಂತ್ರ ತಕ್ಷಣ ನಿಲ್ಲಬೇಕು. ಹೋಗದಿದ್ದರೆ ಇಡೀ ಪಾಳಿ ನಿಲ್ಲದೆ ಓಡಬೇಕು. ನಾನು ಅಲ್ಲೇ ಇದ್ದು ಅದನ್ನು ನೋಡಬೇಕು.

ಅಂದು ಮುಂಜಾನೆ ಅಲ್ಲಿನ ಕೆಲಸದ ಹೆಣ್ಣುಮಕ್ಕಳು ಯಂತ್ರಕ್ಕೆ ಪೂಜೆ ಮಾಡಿದರು. ಅವರಲ್ಲಿ ಹಿರಿಯಳಾದ ನಿಡೋಣಿಯ ಗಂಗವ್ವ ಕುಂಕುಮ ಹಚ್ಚಿ ಊದಿನಕಡ್ಡಿ ಬೆಳಗಿದಳು. "ಬಟನ್ ನೀವ ಒತ್ರಿ ಮೇಡಂ, ಪರೀಕ್ಷಾ ನಿಮ್ದೈತಿ" ಎಂದರು ಸಾಹೇಬರು. ಗಂಗವ್ವನ ಕಣ್ಣು ತಾಳಿಯಿಲ್ಲದ ನನ್ನ ಕೊರಳಿಗೆ ಹೋಗಿ ಕೆಳಗಿಳಿದದ್ದನ್ನು ಕಂಡೆ. ಕಂಡದ್ದರಿಂದಲೇ, ಬೇಕೆಂದು ಮುಂದೆ ಹೋಗಿ ಒತ್ತಿದೆ.

ಯಂತ್ರ ಹೊರಟಿತು. ಸ್ವಲ್ಪ ಹೊತ್ತಿಗೆ ನಿಂತುಬಿಟ್ಟಿತು. ಪರದೆಯೊಳಗೆ ಕೈ ಬಂದಿದೆ ಎಂದು ಕೆಂಪು ದೀಪ ಹೇಳುತ್ತಿತ್ತು; ಅಲ್ಲಿ ಯಾರ ಕೈಯೂ ಇರಲಿಲ್ಲ. ಮತ್ತೆ ಚಾಲು ಮಾಡಿದೆವು, ಮತ್ತೆ ನಿಂತಿತು. ಯಂತ್ರ ತಂದಿದ್ದ ಕಂಪನಿಯ ಇಂಜಿನಿಯರ್ ಗಾಜು ಒರೆಸಿದ, ತಂತಿ ಬಿಚ್ಚಿ ಕಟ್ಟಿದ, ಬಿಸಿಲು ಬೀಳದಂತೆ ಕಿಟಕಿಗೆ ತಾಡಪಾಲು ಹಾಕಿಸಿದ. ಅಷ್ಟರಲ್ಲಿ ಫೋನು ಬಂತೆಂದು ನಾನು ಹೊರಗೆ ಹೋದೆ. ಒಳಗಿನಿಂದ ಯಂತ್ರ ಓಡುವ ಸದ್ದು ಬರತೊಡಗಿತು. ಮಾತು ಮುಗಿಸಿ ನಾನು ಒಳಗೆ ಕಾಲಿಟ್ಟಾಗ ಕೆಂಪು ದೀಪ ಹತ್ತಿತು.

ಇದು ಮೊದಲು ಗಮನಕ್ಕೆ ಬಂದದ್ದು ನನಗೇ. ಕಸುಬಿನ ಬುದ್ಧಿ, ಒಂದೊಂದನ್ನೇ ಬದಲಿಸಿ ನೋಡಿದೆ. ಗಡಿಯಾರ ಬಿಚ್ಚಿದೆ, ಫೋನು ಹೊರಗಿಟ್ಟೆ. ಮಿಂಚುವ ಪಟ್ಟಿಯ ಜಾಕೆಟ್ ತೆಗೆದು ಗಂಗವ್ವನಿಗೆ ತೊಡಿಸಿ, ನಾನಿದ್ದ ಜಾಗದಲ್ಲೇ ಅವಳನ್ನು ನಿಲ್ಲಿಸಿ ಹೊರಗೆ ಹೋದೆ. ಯಂತ್ರ ಓಡಿತು. ಜಾಕೆಟ್ಟಿಲ್ಲದ ನಾನು ಬೆಲ್ಟಿನಿಂದ ಅಷ್ಟು ದೂರದ ಬಾಗಿಲಲ್ಲಿ ಕಾಣಿಸಿಕೊಂಡದ್ದೇ ತಡ, ನಿಂತಿತು.

ಹೆಣ್ಣುಮಕ್ಕಳು ನೆಲ ನೋಡುತ್ತಿದ್ದರು. "ಮಿಷಿನ್ದಾಗ ಏನೋ ಐಬ್ ಐತ್ರಿ. ನೀವ್ ಮನಸಿಗಿ ಹಚ್ಕೋಬ್ಯಾಡ್ರಿ" ಎಂದರು ಸಾಹೇಬರು. ಮನಸ್ಸಿಗೆ ಹಚ್ಚಿಕೊಳ್ಳುವಂಥದ್ದು ಏನೆಂದು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಗಂಗವ್ವ ಒಂದು ಖುರ್ಚಿ ಒಯ್ದು ಹೊರಗೆ ಬೇವಿನ ಮರದ ಕೆಳಗೆ ಹಾಕಿದಳು.

"ಅಕ್ಕಾರ, ಮುಂಜಾನಿಂದ ನಿಂತ ಅದೀರಿ. ಒಂಚೂರ ನೆಳ್ಳಾಗ ಕುಂದರ್ರಿ."

ಚುಚ್ಚಿ ಆಡಿದ್ದರೆ ತಕ್ಕ ಉತ್ತರ ಕೊಡುತ್ತಿದ್ದೆ. ಅವಳ ದನಿಯ ತುಂಬ ಅಂತಃಕರಣವಿತ್ತು. ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು. ಹೋಗಿ ಕೂತೆ. ಸಂಜೆಯವರೆಗೆ ಯಂತ್ರ ಒಮ್ಮೆಯೂ ನಿಲ್ಲಲಿಲ್ಲ.

ನಿಂತದ್ದಕ್ಕೆ ಕಾರಣ ಸಿಕ್ಕಿಲ್ಲ ಎಂದು ವರದಿ ಬರೆದು, ಸಹಿ ಹಾಕದೆ ಮನೆಗೆ ಬಂದೆ. ಬೆಳಕಿನ ಪರದೆಯನ್ನು ಬದಲಿಸಿ ಎರಡನೇ ಪರೀಕ್ಷೆಗೆ ಕರೆದರು. ಕೆಟ್ಟದ್ದು ಪರದೆಯೋ ಬೇರೇನೋ, ಎದುರಿಗೆ ಹೋಗಿ ನಿಂತಿದ್ದರೆ ಗೊತ್ತಾಗಿಬಿಡುತ್ತಿತ್ತು. ನನಗೆ ಧೈರ್ಯವಾಗಲಿಲ್ಲ. ಸಹೋದ್ಯೋಗಿಯನ್ನು ಕಳಿಸಿದೆ. ಅವನ ಮುಂದೆ ಚೆನ್ನಾಗಿಯೇ ಓಡಿತಂತೆ. ಆಮೇಲೆ ಬೇರೆ ಕಡೆ ಎಷ್ಟೋ ಯಂತ್ರಗಳನ್ನು ಪರೀಕ್ಷಿಸಿದ್ದೇನೆ, ಯಾವುದೂ ಹಾಗೆ ಮಾಡಿಲ್ಲ. ಅಂದು ಏನಾಯಿತೆಂದು ನನಗೆ ಇವತ್ತಿಗೂ ತಿಳಿದಿಲ್ಲ.

ಇನ್ನೊಂದು ಮಾತನ್ನು ಬರೆಯಲು ನಾಚಿಕೆಯಾಗುತ್ತದೆ. ಹೋದ ವರ್ಷ ಬಬಲೇಶ್ವರದಲ್ಲಿ ನನ್ನ ತಮ್ಮನ ಮಗಳ ಮದುವೆ. ಅರಿಶಿಣ ಹಚ್ಚುವಾಗ ತಮ್ಮನ ಹೆಂಡತಿ ಎಲ್ಲರೆದುರು ಬಟ್ಟಲನ್ನು ಮೊದಲು ನನಗೇ ಹಿಡಿದಳು. ಹುಡುಗಿ ನಗುತ್ತ ಕೆನ್ನೆ ಮುಂದೆ ಮಾಡಿದ್ದಳು. ನನ್ನ ಕೈ ಮೇಲೇಳಲಿಲ್ಲ. ಅಡುಗೆಯ ಕಡೆ ನೋಡಿ ಬರುತ್ತೇನೆಂದು ಹಿಂದೆ ಸರಿದೆ.

ತಮ್ಮನ ಹೆಂಡತಿ ಬಟ್ಟಲು ಹಿಡಿದುಕೊಂಡೇ ನನ್ನ ಹಿಂದೆ ಬಂದಳು. "ಯಾಕ್ರಿ ಅಕ್ಕಾರ, ನಿಮಗ ಯಾರರೆ ಏನರೆ ಅಂದ್ರೇನು?"

"ಇಲ್ಲವ್ವಾ" ಎಂದೆ. "ಯಾರೂ ಅಂದಿಲ್ಲ."