ಕುರಿ ಮೊದಲು, ಒಡೆಯ ಕೊನೆಗೆ

ಜಹೀರಾಬಾದಿನ ಗುಜರಿ ಅಂಗಡಿಯ ಹಿತ್ತಲಲ್ಲಿ, ಮುರಿದ ಕೂಲರುಗಳ ನಡುವೆ ಮಗುಚಿ ಬಿದ್ದಿದ್ದ ಅಲ್ಯೂಮಿನಿಯಂ ದೋಣಿಯನ್ನು ಸಾಬಮ್ಮ ನೋಡಿದ ಕೂಡಲೇ ಗುರುತಿಸಿದಳು. ಅದರ ಎಡಮಗ್ಗುಲಲ್ಲಿ ಬೋಗುಣಿಯಷ್ಟು ತಗ್ಗು ಬಿದ್ದಿತ್ತು. ವರ್ಷಗಳು ಕಳೆದರೂ ಆ ತಗ್ಗನ್ನು ಅವಳು ಮರೆತಿರಲಿಲ್ಲ. ಅದು ಧರ್ಮಣ್ಣನ ದೋಣಿ. ಅವಳ ಗಂಡನನ್ನು ಏರುವ ನೀರಿನ ನಡುವೆ ಬಿಟ್ಟು ಬಂದ ದೋಣಿ.

ಬೇರೆ ಹೆಂಗಸಾಗಿದ್ದರೆ ಕ್ಯಾಕರಿಸಿ ಉಗುಳಿ ಮುಂದೆ ಹೋಗುತ್ತಿದ್ದಳು. ಸಾಬಮ್ಮ ಕಾಲಿನ ಬೆಳ್ಳಿ ಕಡಗ ಮಾರಿ ಅದನ್ನು ಕೊಂಡುಕೊಂಡಳು. ಅದೇ ಊರಿನಲ್ಲಿ ಟ್ರಾಲಿ ವೆಲ್ಡಿಂಗ್ ಮಾಡುವ ತಮ್ಮ ಅಂಬರೀಶನ ಶೆಡ್ಡಿನ ಮುಂದೆ ಇಳಿಸಿದಾಗ ಅವನು ಹಣೆ ಹಣೆ ಚಚ್ಚಿಕೊಂಡ.

"ಅಕ್ಕಾ, ತಲಿ ಕೆಟ್ಟದೇನು ನಿಂದು? ಈ ಡಬ್ಬಿ ತಗೊಂಡು ಏನ್ ಮಾಡ್ತಿ?"

"ದುರಸ್ತಿ ಮಾಡ್ತೀನಿ. ಅವನ ಕಣ್ಣೆದುರಿಗೇ ನಡಸ್ತೀನಿ. ಒಂದಿನ ಧರ್ಮಣ್ಣ ಇದೇ ಬೋಟಿಗಿ ಕೈ ಮುಗದು ಕರಿಬೇಕು. ಅದನ್ನ ನಾ ನೋಡಬೇಕು."

ಸಾಬಮ್ಮನ ತವರು ಝರಾಸಂಗಂ. ಗಂಡನ ಊರು ನಾಗಲಗಿದ್ದದ ಆಚೆ, ಮಂಜೀರಾ ಹಿನ್ನೀರಿನ ದಂಡೆಯಲ್ಲಿ. ಎರಡೂ ಕಡೆ ಕುರಿ ಸಾಕುವ ಮನೆಗಳೇ. ಗಂಡ ಶಿವರಾಯ ಹೆಚ್ಚು ಮಾತಿನವನಲ್ಲ. ಆದರೆ ಕುರಿ ಕರೆಯಲು ಬಾಯಿ ತೆರೆದನೆಂದರೆ ಅವನ ದನಿ ನಾಲ್ಕು ಹೊಲ ದಾಟಿ ಹೋಗುತ್ತಿತ್ತು. ಮದುವೆಯಾದ ಹೊಸತರಲ್ಲಿ ಆ ದನಿ ಕೇಳಿದರೆ ಸಾಕು, ಅವಳು ಒಲೆಯ ಮೇಲೆ ರೊಟ್ಟಿಯ ಹಂಚು ಇಡುತ್ತಿದ್ದಳು.

ಹಿನ್ನೀರಿನ ನಡುವೆ ಒಂದು ದಿಬ್ಬವಿದೆ. ಊರವರು ಅದನ್ನು ಗಡ್ಡಿ ಎನ್ನುತ್ತಾರೆ. ಅಲ್ಲಿ ಹುಲ್ಲು ಹುಲುಸು. ಕುರಿಗಳನ್ನು ದೋಣಿಯಲ್ಲಿ ಒಯ್ದು ಬಿಡುತ್ತಾರೆ, ಮೇಲಿನಿಂದ ನೀರು ಬರುವ ಸುದ್ದಿ ಬಂದರೆ ದೋಣಿಯಲ್ಲೇ ವಾಪಸು ತರುತ್ತಾರೆ. ತರುವಾಗ ಒಂದು ಕಟ್ಟಳೆ ಉಂಟು: ಕುರಿ ಮೊದಲು, ಒಡೆಯ ಕೊನೆಗೆ. ಒಡೆಯ ಮೊದಲೇ ದೋಣಿ ಹತ್ತಿದರೆ ದಿಬ್ಬದಲ್ಲಿ ಉಳಿದ ಕುರಿಗಳು ಅವನ ಬೆನ್ನಿಗೆ ನೀರಿಗೆ ಹಾರುತ್ತವೆ. ಹಾಗಾಗಿ ಕಟ್ಟಕಡೆಯ ಕುರಿ ದಾಟುವ ತನಕ ಅವನು ಅಲ್ಲೇ ನಿಂತಿರಬೇಕು. ದೋಣಿಯವನು ಅವನನ್ನು ಕರೆತರಲು ಬಂದೇ ಬರುತ್ತಾನೆ ಎಂಬ ನಂಬಿಕೆಯ ಮೇಲೆ ನಿಂತಿರಬೇಕು.

ಊರವರ ಕುರಿ ದಾಟಿಸುವ ದೋಣಿ ಆಗ ಧರ್ಮಣ್ಣನದು. ಅವನಿಗೂ ಕುರಿಗಳಿದ್ದವು. ಗಡ್ಡಿಯ ಹುಲ್ಲೆಲ್ಲ ತನ್ನ ಹಿಂಡಿಗೇ ಬೇಕೆಂಬ ಆಸೆಯೂ ಇತ್ತು. ಆ ವರ್ಷ ಹೊಳೆ ಏರಿದ ದಿನ ಸಾಬಮ್ಮ ತವರಿನಲ್ಲಿ ಬಾಣಂತಿ ನಾದಿನಿಯ ಆರೈಕೆಗೆ ಹೋಗಿದ್ದಳು. ಧರ್ಮಣ್ಣ ಶಿವರಾಯನ ಕುರಿಗಳನ್ನು ಎರಡು ಸರದಿ ದಾಟಿಸಿದ. ಮೂರನೆಯ ಸರದಿಗೆ ಬರಲೇ ಇಲ್ಲ. ದೋಣಿ ಕಟ್ಟಿ ಮನೆಗೆ ಹೋಗಿ ಉಂಡು ಮಲಗಿದ. ಶಿವರಾಯ ಜಾಲಿ ಗಿಡ ಹತ್ತಿ ಜೀವ ಉಳಿಸಿಕೊಂಡ. ಬೆಳಗ್ಗೆ ಮೀನು ಹಿಡಿಯುವವರು ತೆಪ್ಪದಲ್ಲಿ ಹೋಗಿ ಅವನನ್ನು ಇಳಿಸಿ ತಂದಾಗ ಗಡ್ಡಿಯ ಮೇಲೆ ಒಂದು ಕುರಿಯೂ ಇರಲಿಲ್ಲ. ಅವನ ಗಂಟಲಲ್ಲಿ ದನಿಯೂ ಇರಲಿಲ್ಲ. ರಾತ್ರಿಯಿಡೀ ದಂಡೆಯವರನ್ನು ಕೂಗಿ ಒದರಿ ಒದರಿ ಹರಿದುಹೋದ ದನಿ ಮತ್ತೆ ಪೂರ್ತಿ ಕೂಡಲೇ ಇಲ್ಲ. ಇವತ್ತಿಗೂ ಅವನು ಮಾತಾಡಿದರೆ ಒಣ ಜೋಳದ ಎಲೆ ತಿಕ್ಕಿದಂತೆ ಕೇಳುತ್ತದೆ.

ಕಟ್ಟೆಯ ಮೇಲೆ ನ್ಯಾಯ ಸೇರಿತು. ಧರ್ಮಣ್ಣ ಎರಡು ಮಾತು ಹೇಳಿದ. ಒಂದು, ದೋಣಿಯ ಹಿಂದಿನ ಹಲಗೆ, ಅಂದರೆ ಎಂಜಿನ್ ಕೂರಿಸುವ ಹಲಗೆ, ಸೀಳಿ ಎಂಜಿನ್ ಕಿತ್ತುಕೊಂಡು ನೀರಿಗೆ ಬಿದ್ದಿತ್ತು. ಎರಡು, ಶಿವರಾಯ ಒದರಿದ್ದು ತನಗೆ ಕೇಳಲಿಲ್ಲ. ಕೇಳಿದ್ದರೆ ತೆಪ್ಪವನ್ನಾದರೂ ಕಳಿಸುತ್ತಿದ್ದನಂತೆ. ಊರ ಹಿರಿಯ, ಕಿರಾಣಿ ಅಂಗಡಿಯ ಕಾಶಿನಾಥಪ್ಪ, ಎಲೆ ಅಡಿಕೆ ಮೆಲ್ಲುತ್ತ ತೀರ್ಪು ಕೊಟ್ಟರು: "ಗಡ್ಡಿ ಮ್ಯಾಲಿಂದ ಒದರಿದ್ರ ದಂಡಿಗಿ ಕೇಳಸಂಗಿಲ್ಲ ಬಿಡು. ಧರ್ಮಣ್ಣಂದು ತಪ್ಪಿಲ್ಲ." ಶಿವರಾಯ ಕುಡಿದು ಮಲಗಿದ್ದಿರಬೇಕು ಎಂದು ಯಾರೋ ಹಿಂದಿನಿಂದ ಸೇರಿಸಿದರು. ನ್ಯಾಯ ಮುಗಿಯಿತು. ಗಡ್ಡಿಯ ಹುಲ್ಲು ಧರ್ಮಣ್ಣನಿಗಾಯಿತು.

ಗಂಡ ಹೆಂಡತಿ ಉಳಿದ ಕುರಿಗಳನ್ನು ಮಾರಿ, ಮನೆಗೆ ಬೀಗ ಜಡಿದು ತಾಂಡೂರಿಗೆ ಹೋದರು. ಕುರಿ ಕಾಯುತ್ತಿದ್ದ ಶಿವರಾಯ ಕಲ್ಲಿನ ಗಣಿಯಲ್ಲಿ ಹಾಸುಗಲ್ಲು ಹೊತ್ತ. ಸಾಬಮ್ಮ ಪಾಲಿಶ್ ಶೆಡ್ಡಿನಲ್ಲಿ ಗ್ರೈಂಡರ್ ಹಿಡಿಯುವುದನ್ನು ಕಲಿತಳು. ಬಿಳಿ ಧೂಳಿನಲ್ಲಿ ಕಲ್ಲು ಕೊಯ್ಯುವಾಗ ಅವಳ ಕಣ್ಣಿಗೆ ಕಾಣುತ್ತಿದ್ದುದು ಧರ್ಮಣ್ಣನ ಮುಖ. ಸುಳ್ಳೇಕೆ, ಅದರಿಂದ ಅವಳ ಕೆಲಸ ಬಹಳ ನೀಟಾಗಿ ಆಗುತ್ತಿತ್ತು. ನಾಲ್ಕು ಕಾಸು ಕೂಡಿದ ಮೇಲೆ ಊರಿಗೆ ಮರಳಿ ಮತ್ತೆ ಸಣ್ಣ ಹಿಂಡು ಕಟ್ಟಿದರು. ಶಿವರಾಯ ಮಾತ್ರ ನೀರಿನ ಕಡೆ ಮುಖ ಮಾಡಲಿಲ್ಲ. ಕಟ್ಟೆಯ ಮುಂದೆ ಹಾಯುವಾಗ ತಲೆ ಎತ್ತಲೂ ಇಲ್ಲ. ಸಾಬಮ್ಮನ ಹೊಟ್ಟೆಯಲ್ಲಿ ಬೆಂಕಿ ಹಾಗೇ ಉಳಿಯಿತು.

ಈಗ ಅಂಬರೀಶನ ಶೆಡ್ಡಿನಲ್ಲಿ ಅವಳೇ ಗ್ರೈಂಡರ್ ಹಿಡಿದಳು. ದೋಣಿಯ ನೆಲದ ಹಲಗೆಗಳ ಸ್ಕ್ರೂಗಳು ತುಕ್ಕಿನಲ್ಲಿ ಕರಗಿದ್ದವು. ಒಂದೊಂದನ್ನೇ ತಲೆ ಕೊಯ್ದು ಹಾಕಿದಳು. ಹಲಗೆ ಎತ್ತಿದರೆ ಕೆಳಗೆ ಫೋಮು. ದೋಣಿಗೆ ನೀರು ನುಗ್ಗಿದರೂ ಮುಳುಗದಿರಲಿ ಎಂದು ಹೊಟ್ಟೆಯಲ್ಲಿ ತುಂಬಿಸಿದ್ದ ಫೋಮು ತಾನೇ ನೀರು ಕುಡಿದು, ಕಂದು ಬಣ್ಣಕ್ಕೆ ತಿರುಗಿ, ಹೆಣಭಾರವಾಗಿತ್ತು. ಇಬ್ಬರೂ ಬಗೆದು ಬಗೆದು ಬುಟ್ಟಿಯಲ್ಲಿ ಹೊತ್ತು ಹಾಕಿದರು.

ಖಾಲಿ ಜಾಗಕ್ಕೆ ಏನು ತುಂಬುವುದೆಂದು ಬಂದಾಗ ಸಾಬಮ್ಮ ಊರಿನಿಂದ ಉಣ್ಣೆಯ ಮೂಟೆಗಳನ್ನು ತರಿಸಿದಳು. ಕೊಳ್ಳುವವರಿಲ್ಲದೆ ಮನೆಯಲ್ಲಿ ಬಿದ್ದಿದ್ದ ಉಣ್ಣೆ. ಎಂಥ ಮಳೆಯನ್ನೂ ಕಂಬಳಿ ಒಳಗೆ ಬಿಡುವುದಿಲ್ಲ, ಅಂದಮೇಲೆ ಉಣ್ಣೆ ದೋಣಿಯನ್ನೂ ಕಾಯುತ್ತದೆ ಎಂಬುದು ಅವಳ ವಾದ. ಅಂಬರೀಶ ವಾದಿಸಲಿಲ್ಲ. ಒಂದು ಚೀಲ ಉಣ್ಣೆಯನ್ನು ಎಮ್ಮೆಯ ನೀರಿನ ತೊಟ್ಟಿಗೆ ಹಾಕಿ ಮೇಲೊಂದು ಕಲ್ಲಿಟ್ಟ. ಮರುದಿನ ಕಲ್ಲು ತೆಗೆದರೂ ಚೀಲ ತಳ ಬಿಟ್ಟು ಏಳಲಿಲ್ಲ.

"ನೋಡಿದ್ಯಾ ಅಕ್ಕಾ? ನಿನ್ನ ಉಣ್ಣಿ ನಿನ್ನನ್ನೂ ಕರಕೊಂಡು ತಳಕ್ಕ ಹೋಗ್ತದ."

ಅವಳು ಮೂಟೆಗಳನ್ನು ಮತ್ತೆ ಕಟ್ಟಿ ಮೂಲೆಗೆ ತಳ್ಳಿದಳು. ಸಂಜೆಗೆ ತಾನೇ ಪೇಟೆಗೆ ಹೋಗಿ ನೀರು ಹೀರದ ಗಟ್ಟಿ ಫೋಮಿನ ಹಲಗೆಗಳನ್ನು ತಂದಳು. ಅವನ್ನೂ ಅದೇ ತೊಟ್ಟಿಯಲ್ಲಿ ಮುಳುಗಿಸಿ, ತೇಲುತ್ತವೆಂದು ಕಣ್ಣಾರೆ ಕಂಡ ಮೇಲೆಯೇ ಅಳತೆಗೆ ಕೊಯ್ದು ಕೂರಿಸಿದಳು. ಕೆಳಗೆ ಬಿದ್ದ ನೀರು ಹರಿದು ಹೋಗಲು ದಾರಿ ಬಿಟ್ಟಳು.

ಕೊನೆಗೆ, ಸೀಳಿತ್ತೆಂದು ಧರ್ಮಣ್ಣ ಹೇಳಿದ್ದ ಹಿಂದಿನ ಹಲಗೆಯ ಸರದಿ ಬಂತು. ಎರಡು ತಗಡುಗಳ ನಡುವೆ ಆ ದಪ್ಪ ಹಲಗೆ ಕೂತಿತ್ತು. ಮೇಲಿನ ಪಟ್ಟಿ ಬಿಚ್ಚಿ ಸಲಾಕೆ ಹಾಕಿದರೆ ಕಟ್ಟಿಗೆ ಬರಲಿಲ್ಲ, ಕರಿ ಹುಡಿ ಬಂತು. ಪೂರಾ ಕೊಳೆತಿತ್ತು. ಸಾಬಮ್ಮ ಸಲಾಕೆ ಕೆಳಗಿಟ್ಟಳು. ಹಾಗಾದರೆ ಅವನು ಹೇಳಿದ್ದು ನಿಜವೇ? ಇಷ್ಟು ವರ್ಷ ಹೊತ್ತು ತಿರುಗಿದ ಸಿಟ್ಟನ್ನು ಈಗ ಎಲ್ಲಿ ಇಳಿಸುವುದು?

ಅಂಬರೀಶ ಹೊರಗಿನ ತಗಡನ್ನು ಬಟ್ಟೆಯಿಂದ ಒರೆಸಿ, ಬೆರಳಾಡಿಸಿ ನೋಡಿದ.

"ಅಕ್ಕಾ, ಇಲ್ಲಿ ಬಾ. ಕಟ್ಟಿಗಿ ಯಾವಾಗ ಕೊಳೀತೋ ಯಾರಿಗಿ ಗೊತ್ತು. ಈ ತಗಡ ನೋಡು. ಎಂಜಿನ್ ಕಿತಗೊಂಡು ಬಿದ್ದಿದ್ರ ಬೋಲ್ಟಿನ ತೂತು ಹರಿದು ಬಾಯಿ ತೆರಿತಿದ್ದವು. ಎಲ್ಲಾ ದುಂಡಗ ಅವ. ಬೆಸಿಗಿ ಹಾಕಿದ ಗುರ್ತೂ ಇಲ್ಲ, ಬ್ಯಾರೆ ತಗಡೂ ಹಚ್ಚಿಲ್ಲ. ಇಲ್ಲಿಂದ ಎಂಜಿನ್ ಯಾವತ್ತೂ ಬಿದ್ದಿಲ್ಲ."

ಸಾಬಮ್ಮ ತೂತುಗಳಲ್ಲಿ ಕಿರುಬೆರಳು ಹಾಕಿ ನೋಡಿದಳು. ಬಳೆಯಂತೆ ದುಂಡಗಿದ್ದವು. ಅವಳಿಗೆ ಅಳು ಬರಲಿಲ್ಲ, ನಗು ಬಂತು. ಸುಳ್ಳ! ಭಡವ! ಗಟ್ಟಿ ದೋಣಿ, ಗಟ್ಟಿ ಎಂಜಿನ್ ಇಟ್ಟುಕೊಂಡು ಹೋಗಿ ಉಂಡು ಮಲಗಿದವನು! ಆ ದಿನ ಅವಳು ತಮ್ಮನ ಮನೆಯಲ್ಲಿ ಎರಡು ರೊಟ್ಟಿ ಹೆಚ್ಚೇ ತಿಂದಳು.

ಹೊಸ ಪ್ಲೈವುಡ್ ಎರಡು ಪದರ ಅಂಟಿಸಿ, ಅಂಚು ಅಂಚಿಗೂ ನೀರು ಕುಡಿಯದ ಹಾಗೆ ರಾಳ ಬಳಿದು, ತುಕ್ಕು ಹಿಡಿಯದ ಬೋಲ್ಟು ಹಾಕಿ ಹಳೆಯದೊಂದು ಎಂಜಿನ್ ಬಿಗಿದರು. ನೆಲಕ್ಕೆ ಹೊಸ ಹಲಗೆ ಹಾಸಿ, ಬಣ್ಣ ಹಸಿಯಿರುವಾಗಲೇ ಸಾಬಮ್ಮ ಸಣ್ಣ ಮರಳು ಉದುರಿಸಿದಳು, ಕುರಿಯ ಗೊರಸು ಜಾರಬಾರದೆಂದು. ಎಡಮಗ್ಗುಲಿನ ತಗ್ಗನ್ನು ತಟ್ಟಿ ಸರಿಮಾಡಲು ಅಂಬರೀಶ ಸುತ್ತಿಗೆ ಎತ್ತಿದಾಗ ಅವಳು ಕೈ ಹಿಡಿದಳು. ಧರ್ಮಣ್ಣನಿಗೆ ಗುರುತು ಸಿಗಬೇಕಲ್ಲ.

ಗುರುತು ಸಿಕ್ಕಿತು. ದೋಣಿ ನೀರಿಗಿಳಿದ ದಿನ ಧರ್ಮಣ್ಣ ದಂಡೆಯಲ್ಲಿ ನಿಂತು ಆ ತಗ್ಗನ್ನೇ ನೋಡಿದ. ಅವನ ಬಳಿ ಹೊಸ ಫೈಬರ್ ದೋಣಿಯಿತ್ತು. ತೂತಿನ ವಿಷಯವನ್ನು ಸಾಬಮ್ಮ ಕಟ್ಟೆಗೆ ಒಯ್ಯಲಿಲ್ಲ. ಒಯ್ದರೆ ಆ ತೂತಿಗೂ ಒಂದು ಕತೆ ಹೊಲಿಯುವ ಮಂದಿ ಅವರು. ಅವಳು ಊರವರ ಕುರಿ ದಾಟಿಸುತ್ತ ಕಾದಳು. ಎರಡು ಮಳೆಗಾಲ ಕಾದಳು.

ಈ ವರ್ಷ ಮೇಲಿನಿಂದ ನೀರು ಬಿಟ್ಟ ದಿನ ಧರ್ಮಣ್ಣನ ಫೈಬರ್ ದೋಣಿ ಗಡ್ಡಿಯ ಬಂಡೆಗೆ ಬಡಿದು ಹೊಟ್ಟೆ ಒಡೆದುಕೊಂಡಿತು. ಅವನೂ ಅವನ ಕುರಿಗಳೂ ಅಲ್ಲೇ ಉಳಿದರು. ದಂಡೆಯಲ್ಲಿದ್ದ ಮಗ ಬಾಲರಾಜ ಓಡಿ ಬಂದು ಸಾಬಮ್ಮನ ಅಂಗಳದಲ್ಲಿ ಕೈ ಮುಗಿದು ನಿಂತ.

"ಚಿಗವ್ವಾ, ಅಪ್ಪ ಗಡ್ಡಿ ಮ್ಯಾಲ ಸಿಕ್ಕಾನ. ನೀ ಬರದಿದ್ರ ಎಲ್ಲಾ ಹೋಗ್ತದ."

"ಬರ್ತೀನಿ. ಕುರಿ ಮೊದಲು, ಒಡೆಯ ಕೊನೀಗಿ. ಕಟ್ಟಳಿ ಗೊತ್ತದಲ್ಲ?"

ಹಗಲೆಲ್ಲ ಅವಳು ಸರದಿಯ ಮೇಲೆ ಸರದಿ ಓಡಿಸಿದಳು. ಕುರಿಗಳ ಮೇಲೆ ಅವಳಿಗೆ ಹಗೆ ಇರಲಿಲ್ಲ. ಮರಿಗಳನ್ನು ತಾನೇ ಎತ್ತಿ ಇಳಿಸಿದಳು. ಕೊನೆಯ ಕುರಿ ದಂಡೆಗೆ ಬಂದಾಗ ಹೊತ್ತು ಇಳಿದಿತ್ತು. ಗಡ್ಡಿಯ ಮೇಲೆ ಒಬ್ಬನೇ ಉಳಿದ ಧರ್ಮಣ್ಣನ ಮೊಣಕಾಲಿಗೆ ನೀರು ಬಂದಿತ್ತು. ಸಾಬಮ್ಮ ಎಂಜಿನ್ ಆರಿಸಿ, ಹಗ್ಗ ಗೂಟಕ್ಕೆ ಕಟ್ಟಿ, ದೋಣಿಯ ಅಂಚಿನ ಮೇಲೆ ಕೂತಳು.

ದಂಡೆಯ ಮೇಲೆ ಅರ್ಧ ಊರು ಸೇರಿತ್ತು. ಕಾಶಿನಾಥಪ್ಪನವರೂ ಕೊಡೆ ಹಿಡಿದು ಬಂದಿದ್ದರು. ಎಲ್ಲರ ಹಿಂದೆ, ಇಷ್ಟು ವರ್ಷದ ಮೇಲೆ ಮೊದಲ ಸಲ, ಶಿವರಾಯ ನೀರಿನ ಕಡೆ ಮುಖ ಮಾಡಿ ನಿಂತಿದ್ದ.

ನೀರಿನಾಚೆಯಿಂದ ದನಿ ಬಂತು. "ಸಾಬವ್ವಾ! ಏ ತಂಗೀ! ಬಾರವ್ವಾ!"

ಅವನ ಬಾಯಲ್ಲಿ ತಂಗಿ ಎಂಬ ಮಾತು ಆ ದಿನವೇ ಹುಟ್ಟಿದ್ದು. ಬಾಲರಾಜ ದೋಣಿಗೆ ಕೈ ಹಾಕಲು ಹೋದ. ಸಾಬಮ್ಮ ಹುಟ್ಟುಗೋಲನ್ನು ಅಡ್ಡ ಹಿಡಿದು, ಹಿರಿಯರ ಕಡೆ ತಿರುಗಿದಳು.

"ಕಾಶಿನಾಥಪ್ಪಾರೆ, ಗಡ್ಡಿ ಮ್ಯಾಲಿಂದ ಯಾರರೆ ಒದರಿದಂಗ ಕೇಳಸ್ತದೇನ್ರಿ ನಿಮಗ?"

ಕಾಶಿನಾಥಪ್ಪ ಕೊಡೆಯನ್ನು ಆ ಕೈಯಿಂದ ಈ ಕೈಗೆ ಬದಲಿಸಿದರು. "ಇದು ಮಾತಾಡೋ ಹೊತ್ತಲ್ಲವ್ವಾ. ಮೊದಲ ಅವನ್ನ ಕರಕೊಂಡು ಬಾ."

"ಕೇಳಸಲಿಲ್ಲಂದ್ರ ನಾ ಹ್ಯಾಂಗ ಹೋಗ್ಲಿ? ಯಾರೂ ಒದರಿಲ್ಲಂತ ನಾನೂ ಮನಿಗಿ ಹೋಗ್ತೀನಿ. ಉಂಡು ಮಲಗ್ತೀನಿ."

"ತಂಗೀ! ಸಾಯ್ತೀನಿ ನಾ! ಬಾರವ್ವಾ!" ದನಿ ಒಡೆದು ಬಂತು. ಹಿಂದೆ ನಿಂತಿದ್ದ ಹೆಂಗಸರು ತಲೆ ತಗ್ಗಿಸಿದರು. ಆ ದಿನ ಶಿವರಾಯ ಒದರಿದ್ದು ಅವರಲ್ಲಿ ಎಷ್ಟು ಮಂದಿಗೆ ಕೇಳಿತ್ತೋ, ಅವರ ಮುಖವೇ ಹೇಳುತ್ತಿತ್ತು.

ಕಾಶಿನಾಥಪ್ಪನವರು ಶಿವರಾಯನನ್ನು ನೋಡಿದರು. ಅವನು ಕಣ್ಣು ತಗ್ಗಿಸಲಿಲ್ಲ.

"ಕೇಳಸ್ತದ," ಎಂದರು ಅವರು, ಮೆಲ್ಲಗೆ.

"ಜೋರಾಗಿ ಹೇಳ್ರಿ. ಅವಗ ಕೇಳಬೇಕು."

"ಕೇಳಸ್ತದವ್ವಾ! ಚಂದಾಗಿ ಕೇಳಸ್ತದ! ಅವತ್ತೂ ಕೇಳಸ್ತಿತ್ತು!"

ಶಿವರಾಯ ಜನರ ನಡುವಿನಿಂದ ನಡೆದು ಬಂದು, ದೋಣಿ ಹತ್ತಿ, ಮರಳು ಉದುರಿಸಿದ ಹಲಗೆಯ ಮೇಲೆ ಹೆಂಡತಿಯ ಪಕ್ಕ ಕೂತ. "ನಡಿ," ಎಂದ, ಆ ಹರಿದ ದನಿಯಲ್ಲೇ. ಸಾಬಮ್ಮ ಹಗ್ಗ ಬಿಚ್ಚಿ ಎಂಜಿನಿನ ದಾರ ಎಳೆದಳು. ಮೊದಲ ಎಳೆತಕ್ಕೆ ಅದು ಹತ್ತಲಿಲ್ಲ. ಅವಳೂ ಅವಸರ ಮಾಡಲಿಲ್ಲ.